ಆಪರೇಷನ್ ಯಾರಿಗೆ: ಹೆಂಡತಿಗಾ, ಗಂಡನಿಗಾ?

ಮಕ್ಕಳು ಸಾಕು ಅಂತಾದ ಮೇಲೆ ಆಪರೇಷನ್ ಹೆಂಡತಿಗೇ ಅಂತ, ಅವಳನ್ನು ಕೇಳದೆಯೇ ನಿಶ್ಚಯವಾಗಿಬಿಡುತ್ತದೆ ಅಲ್ವಾ? ಹೆಂಗಸರಿಗೆ ಮಾಡುವ ಟ್ಯೂಬೆಕ್ಟಮಿ ಅಂದರೆ ಲ್ಯಾಪರೋಸ್ಕೋಪಿಯಲ್ಲೂ (ಸಣ್ಣ ಕ್ಯಾಮೆರಾ ಕೊಳವೆ ಹಾಕಿ ಮಾಡುವ ವಿಧಾನ) ಹೊಟ್ಟೆಗೆ ತೂತು ಮಾಡಿ ಒಳಗೆ ಹೋಗಲೇಬೇಕು. ಗಂಡಸರಿಗೆ ಮಾಡುವ ವ್ಯಾಸೆಕ್ಟಮಿಗೆ ಅಷ್ಟು ಭಾಗ ಮಾತ್ರ ಮರಗಟ್ಟಿಸಿದರೆ ಸಾಕು, ಅರ್ಧ ಗಂಟೆಯೊಳಗೆ ಮುಗಿದು ಅವತ್ತೇ ಮನೆಗೆ ಹೋಗಬಹುದು. 1974ರಲ್ಲಿ ಚೀನಾದಲ್ಲಿ ಶುರುವಾದ ವಿಧಾನದಲ್ಲಂತೂ ಬ್ಲೇಡೂ ಬೇಡ, ಸಾಮಾನ್ಯವಾಗಿ ಹೊಲಿಗೆಯೂ ಬೇಡ. ಗಂಡಸುತನ ಹೋಗುತ್ತದೆ ಅನ್ನೋದು ಸುಮ್ನೆ ಹೆದರಿಕೆ, ಹಾರ್ಮೋನು ಮೊದಲಿನಂತೆಯೇ ಇರುತ್ತದೆ. ಮುಖ್ಯ ತೊಡಕು ಅಂದರೆ: ಸುಮಾರು 3 ತಿಂಗಳ ನಂತರ ಪರೀಕ್ಷೆ ಮಾಡಿಸಿ, ವೀರ್ಯಾಣು ಇಲ್ಲ ಅಂತ ಖಾತ್ರಿಯಾಗುವವರೆಗೆ ಕಾಂಡೋಮ್ ಬಿಡುವಂತಿಲ್ಲ. ಎರಡರಲ್ಲಿ ಯಾವುದನ್ನು ಮಾಡಿಸಿದರೂ ಮತ್ತೆ ಮಕ್ಕಳಾಗುವಂತೆ ಸರಿಪಡಿಸೋದು ಕಷ್ಟ. ಹೇಗೂ ಸಿಸೇರಿಯನ್ ಆಗಲಿದ್ದು, ಅವಳೇ ಮೊದಲೇ ಯೋಚಿಸಿ ಬೇಕು ಅಂದಿದ್ದರೆ ಟ್ಯೂಬೆಕ್ಟಮಿ ಸರಿ. ಇಲ್ಲದಿದ್ದರೆ ನನ್ನ ಓಟು ವ್ಯಾಸೆಕ್ಟಮಿಗೇ, ಹೆರಿಗೆ ನೋವೆಲ್ಲ ಅವಳೇ ತಿಂದಾಗಿದೆಯಲ್ಲ.