ಮುರಿದ ಬೋಲ್ಟಿಗೆ ಈಜಿ ಔಟ್ ಹಾಕಿಸುವ ಮುಂಚೆ ಇದನ್ನು ಓದಿ

ಕಾರಿನಲ್ಲಿ ತುಕ್ಕು ಹಿಡಿದು ಕೂತ ಬೋಲ್ಟ್ ತಿರುಗಿಸುವಾಗ ಮುರಿದುಹೋದರೆ, ಅದರ ನಡುವೆ ತೂತು ಕೊರೆದು ಈಜಿ ಔಟ್ (ಆ ತೂತಿಗೆ ಕಚ್ಚಿಸಿ ಮುರಿದ ತುಂಡನ್ನು ತಿರುಗಿಸಿ ತೆಗೆಯುವ ಮೊನೆಯ ಉಪಕರಣ) ಹಾಕಲು ದಯವಿಟ್ಟು ಬಿಡಬೇಡಿ. ಮೆಕ್ಯಾನಿಕ್ ಎಷ್ಟೇ ಧೈರ್ಯ ಹೇಳಿದರೂ ಬಿಡಬೇಡಿ. ನನ್ನ ಕಾರಿನ ಎಂಜಿನ್ ಹೆಡ್ಡೇ, ಅಂದರೆ ಎಂಜಿನ್ನಿನ ಮೇಲ್ಭಾಗವೇ, ಹೋಗಿಬಿಡುವ ಸ್ಥಿತಿಗೆ ಬಂದಿದ್ದು ಇದರಿಂದ. ಬೋಲ್ಟ್ ನೋಡಿದರೆ ಕಿರುಬೆರಳಿಗಿಂತ ಸಣ್ಣದು, 6 ಎಂಎಂ ಅಷ್ಟೇ.

ಎಂಜಿನ್ ತಂಪಾಗಿಡುವ ದ್ರವ, ಕೂಲಂಟ್, ಸೋರುತ್ತಿತ್ತು. ಥರ್ಮೋಸ್ಟಾಟ್ ಮುಚ್ಚಳದ ಗ್ಯಾಸ್ಕೆಟ್ ಹೋಗಿದೆ, ಮೂರು ಬೋಲ್ಟ್ ಬಿಚ್ಚಿ ಹೊಸದು ಹಾಕಿದರೆ ಆಯ್ತು ಅಂದರು ಗ್ಯಾರೇಜಿನಲ್ಲಿ. ಕೆಲಸ ನಿಜಕ್ಕೂ ಅಷ್ಟೇ. ಎರಡು ಬೋಲ್ಟ್ ಸಲೀಸಾಗಿ ಬಂದವು. ಮೂರನೆಯದು ಹಟ ಹಿಡಿಯಿತು. ನಾನು ಪಕ್ಕದಲ್ಲೇ ನಿಂತು ನೋಡುತ್ತಿದ್ದೆ. ಸ್ಪ್ಯಾನರ್ ಒಂದು ಚೂರು ತಿರುಗುತ್ತಿತ್ತು, ಕೈ ಸಡಿಲ ಬಿಟ್ಟರೆ ಮತ್ತೆ ಅದೇ ಜಾಗಕ್ಕೆ ವಾಪಸ್ ಬರುತ್ತಿತ್ತು.

ಈ ಲಕ್ಷಣ ಎಲ್ಲರೂ ಗುರುತಿಟ್ಟುಕೊಳ್ಳಬೇಕು. ಬಿಡುವ ಬೋಲ್ಟ್ 'ಟಕ್' ಅಂತ ಒಂದು ಸದ್ದು ಮಾಡಿ ಬಿಡುತ್ತದೆ, ಆಮೇಲೆ ತಿರುಗಿದ ಜಾಗದಲ್ಲೇ ನಿಲ್ಲುತ್ತದೆ. ಸ್ಪ್ರಿಂಗ್ ತರ ಹಿಂದಕ್ಕೆ ಬರುತ್ತಿದೆ ಅಂದರೆ ಥ್ರೆಡ್ (ಬೋಲ್ಟಿನ ಸುರುಳಿ ಗೆರೆ) ಒಂದಿಷ್ಟೂ ಕದಲಿಲ್ಲ. ತಲೆ ತಿರುಗುತ್ತಿದೆ, ಬುಡ ಕಚ್ಚಿಕೊಂಡಿದೆ, ನಡುವಿನ ಕಬ್ಬಿಣ ತಿರುಚಿಕೊಳ್ಳುತ್ತಿದೆ. ಇನ್ನೊಂದು ಸಲ ಜೋರು ಹಾಕಿದರೆ ಕಟ್ ಆಗುತ್ತದೆ. ಅಲ್ಲಿಗೆ ನಿಲ್ಲಿಸಬೇಕು.

ನಾನು ಹೇಳಿದೆ, "ಎಣ್ಣೆ ಹೊಡೆದು ಬಿಟ್ಟುಬಿಡಿ, ನಾಳೆ ನೋಡೋಣ, ನನಗೇನೂ ಅರ್ಜೆಂಟ್ ಇಲ್ಲ." ಅವರು ಕೇಳಲಿಲ್ಲ. "ಇಂಥವು ಎಷ್ಟು ತೆಗೆದಿಲ್ಲ ಸಾರ್, ನೀವು ಸುಮ್ನೆ ಕೂತ್ಕೊಳ್ಳಿ" ಅಂದರು. ಹನ್ನೆರಡು ಮೂಲೆಯ ರಿಂಗ್ ಸ್ಪ್ಯಾನರ್ ಹಾಕಿ ಎಳೆದರು, ತಲೆಯ ಮೂಲೆಗಳು ಸವೆದು ದುಂಡಗಾದವು. ಹಟಮಾರಿ ಬೋಲ್ಟಿಗೆ ಆರು ಮೂಲೆಯ ಸಾಕೆಟ್ಟೇ ಸರಿ. ಅದು ಬೋಲ್ಟಿನ ಚಪ್ಪಟೆ ಬದಿಗಳನ್ನು ಹಿಡಿಯುತ್ತದೆ. ಹನ್ನೆರಡು ಮೂಲೆಯದು ತುದಿಗಳನ್ನಷ್ಟೇ ಹಿಡಿಯುತ್ತದೆ, ಜೋರು ಜಾಸ್ತಿಯಾದರೆ ಅವನ್ನೇ ಕೆರೆದುಹಾಕುತ್ತದೆ. ಆಮೇಲೆ ವೈಸ್ ಗ್ರಿಪ್ ಕಚ್ಚಿಸಿ ತಿರುಗಿಸಿದರು. ತಲೆ ಕೈಗೇ ಬಂತು.

ಆದರೂ ಅಲ್ಲಿಯವರೆಗೆ ಏನೂ ಕೈಮೀರಿರಲಿಲ್ಲ. ಮುಚ್ಚಳ ತೆಗೆದ ಮೇಲೆ ನೋಡಿದರೆ ಹೆಡ್ಡಿನಿಂದ ಸುಮಾರು ಒಂದು ಸೆಂಟಿಮೀಟರ್ ತುಂಡು ಹೊರಗೆ ನಿಂತಿತ್ತು. ಮುರಿದ ಬೋಲ್ಟಿನಲ್ಲಿ ಇದಕ್ಕಿಂತ ದೊಡ್ಡ ಅದೃಷ್ಟ ಬೇರೆ ಇಲ್ಲ. ಆ ತುಂಡಿನ ಮೇಲೆ ಒಂದು ನಟ್ ಇಟ್ಟು, ನಟ್ಟಿನ ತೂತಿನೊಳಗಿಂದ ವೆಲ್ಡಿಂಗ್ ಮಾಡಿದರೆ ಹೊಸ ತಲೆಯೇ ಸಿಕ್ಕಿದಂತೆ. ಸ್ಪ್ಯಾನರ್ ಹಾಕಲು ಜಾಗ ಆಯ್ತು, ಜೊತೆಗೆ ವೆಲ್ಡಿಂಗಿನ ಕಾವು ಬೋಲ್ಟಿನ ಒಳಗೇ ಇಳಿದು ಕಚ್ಚಿಕೊಂಡ ತುಕ್ಕನ್ನು ಬಿರುಕು ಬಿಡಿಸುತ್ತದೆ. (ಕಾರಿನ ಮೇಲೆ ವೆಲ್ಡಿಂಗ್ ಮಾಡಿಸುವ ಮೊದಲು ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿಸಿ. ಇಲ್ಲದಿದ್ದರೆ ಎಲೆಕ್ಟ್ರಾನಿಕ್ ಭಾಗಗಳಿಗೆ ಅಪಾಯ.)

ಅವರು ಮಾಡಿದ್ದೇನು? ಡ್ರಿಲ್ ಇಡಲು ಸಮತಟ್ಟು ಬೇಕು ಅಂತ ಆ ತುಂಡನ್ನು ಗ್ರೈಂಡರಿನಲ್ಲಿ ಹೆಡ್ಡಿನ ಮಟ್ಟಕ್ಕೆ ಕತ್ತರಿಸಿ ಹಾಕಿದರು. ನಾನು ಬೇಡ ಬೇಡ ಅನ್ನುವಷ್ಟರಲ್ಲಿ ಕೆಲಸ ಮುಗಿದಿತ್ತು. ಇವತ್ತಿಗೂ ನನಗೆ ಸಿಟ್ಟು ಬರುವುದು ಇದಕ್ಕೇ.

ಮುಂದೆ ಡ್ರಿಲ್. ಬೋಲ್ಟ್ ಉಕ್ಕಿನದು, ಸುತ್ತಲಿನ ಹೆಡ್ ಮೆತ್ತಗಿನ ಅಲ್ಯೂಮಿನಿಯಂ. ಬಿಟ್ ಒಂಚೂರು ಓರೆಯಾದರೂ ಮೆತ್ತಗಿರುವ ಕಡೆಗೇ ಜಾರುತ್ತದೆ. ಸೆಂಟರ್ ಪಂಚ್ ಹೊಡೆದು ಗುರುತು ಮಾಡದೆ ಶುರು ಮಾಡಿದ್ದರಿಂದ ತೂತು ಒಂದು ಪಕ್ಕಕ್ಕೆ ಹೋಯಿತು. ಕೂಲಂಟ್ ಹರಿಯುವ ದಾರಿ ಆ ಜಾಗಕ್ಕೆ ಹತ್ತಿರವೇ ಇರುತ್ತದೆ. ಅಷ್ಟು ದೂರ ಹೋಗಲಿಲ್ಲ ಅನ್ನುವುದೇ ಪುಣ್ಯ. ಆ ತೂತಿಗೆ ಈಜಿ ಔಟ್ ಬಡಿದು ತಿರುಗಿಸಿದರು. 'ಟಿಕ್' ಅಂತ ಸಣ್ಣ ಸದ್ದು. ಈಜಿ ಔಟ್ ಒಳಗೇ ಮುರಿದು ಕೂತಿತು.

ಇದು ದುರದೃಷ್ಟ ಅಲ್ಲ, ಹೀಗೆ ಆಗುವುದಕ್ಕೆ ಕಾರಣ ಇದೆ. ಸ್ವಲ್ಪ ಲೆಕ್ಕ ಹಾಕಿ ನೋಡಿ. 6 ಎಂಎಂ ಬೋಲ್ಟಿನ ಪೂರ್ತಿ ದಪ್ಪವೇ ಆ ಥ್ರೆಡ್ಡನ್ನು ಬಿಡಿಸಲಾರದೆ ಮುರಿದಿದೆ. ಈಗ ಅದರೊಳಗೆ ಹೋಗುವ ಈಜಿ ಔಟಿನ ತುದಿ ಸುಮಾರು 3 ಎಂಎಂ. ತಿರುಚುವ ಬಲವನ್ನು ತಡೆಯುವ ಶಕ್ತಿ ದಪ್ಪದ ಘನಕ್ಕೆ ತಕ್ಕಂತೆ ಇಳಿಯುತ್ತದೆ, ಅಂದರೆ ದಪ್ಪ ಅರ್ಧ ಆದರೆ ಶಕ್ತಿ ಎಂಟರಲ್ಲಿ ಒಂದು ಪಾಲು. ಈಜಿ ಔಟಿನ ಉಕ್ಕು ಗಟ್ಟಿ, ನಿಜ. ಆದರೆ ಅದು ಬಾಗುವುದಿಲ್ಲ, ಗಾಜಿನ ಹಾಗೆ ಒಡೆಯುತ್ತದೆ. ಸಾಲದ್ದಕ್ಕೆ ಅದು ಮೊನೆಯಾಗಿರುವುದರಿಂದ ಒಳಗೆ ಹೋದಷ್ಟೂ ಬೆಣೆಯಾಗಿ ಬೋಲ್ಟನ್ನು ಸುತ್ತಲೂ ಅಗಲಿಸಿ ತೂತಿನ ಗೋಡೆಗೆ ಒತ್ತುತ್ತದೆ. ಮೊದಲೇ ಬಿಗಿಯಾಗಿದ್ದ ಥ್ರೆಡ್ ಇನ್ನೂ ಬಿಗಿಯಾಗುತ್ತದೆ.

ಈಜಿ ಔಟ್ ಯಾವತ್ತೂ ಬೇಡ ಅಂತ ನಾನು ಹೇಳುತ್ತಿಲ್ಲ. ಬಿಗಿ ಮಾಡುವಾಗ ಜೋರು ಜಾಸ್ತಿಯಾಗಿ ತಲೆ ಹಾರಿದ ಬೋಲ್ಟ್ ಇರುತ್ತದಲ್ವಾ, ಅದರ ಥ್ರೆಡ್ ಕಚ್ಚಿಕೊಂಡಿರುವುದಿಲ್ಲ. ಅಲ್ಲಿ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಬಿಚ್ಚುವಾಗ ಮುರಿದ ಬೋಲ್ಟಿಗೆ ಮಾತ್ರ ಬೇಡ.

ಈಜಿ ಔಟ್ ಒಳಗೆ ಮುರಿದ ಮೇಲೆ ಮಾಮೂಲಿ ಡ್ರಿಲ್ ಬಿಟ್ ಅದನ್ನು ಕೊರೆಯುವುದಿಲ್ಲ, ಮೇಲೆ ಜಾರಿ ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ. "ಹೆಡ್ ಇಳಿಸಬೇಕಾಗುತ್ತೆ ಸಾರ್, ಇಲ್ಲಾ ಬೇರೆ ಹೆಡ್ ನೋಡಬೇಕು" ಅಂದರು, ಹಳೇ ಬೋಲ್ಟ್ ಅಂದಮೇಲೆ ಹೀಗೆಲ್ಲ ಆಗುವುದೇ ಅನ್ನುವ ಧಾಟಿಯಲ್ಲಿ. ಕಾರನ್ನು ಅಲ್ಲಿಂದ ಎಳೆಸಿಕೊಂಡು ಹೊರಟೆ.

ಉಳಿಸಿದ್ದು ಲೇತ್ ಕೆಲಸದ ಒಬ್ಬ ಹಿರಿಯರು. ಕಾರ್ಬೈಡ್ ತುದಿಯ ಸಣ್ಣ ಗ್ರೈಂಡಿಂಗ್ ಬಿಟ್ ಹಾಕಿ ಈಜಿ ಔಟನ್ನು ಚೂರು ಚೂರಾಗಿ ಸವೆಸಿ ತೆಗೆದರು. ನಡುನಡುವೆ ನಿಲ್ಲಿಸಿ, ಟಾರ್ಚ್ ಬಿಟ್ಟು ನೋಡಿ, ಆಯಸ್ಕಾಂತದಲ್ಲಿ ಪುಡಿ ಎತ್ತಿ, ಮತ್ತೆ ಶುರು ಮಾಡುತ್ತಿದ್ದರು. ಅವಸರ ಅನ್ನುವುದೇ ಇರಲಿಲ್ಲ. ಉಳಿದ ಬೋಲ್ಟನ್ನು ಕೊರೆದು ತೆಗೆದ ಮೇಲೆ ಹಳೇ ಥ್ರೆಡ್ ಬಳಕೆಗೆ ಬರುವಂತಿರಲಿಲ್ಲ. ತೂತನ್ನು 6.3 ಎಂಎಂಗೆ ದೊಡ್ಡದು ಮಾಡಿ, ಅದಕ್ಕಂತಲೇ ಇರುವ ಟ್ಯಾಪ್ (ಥ್ರೆಡ್ ಕೊರೆಯುವ ಉಪಕರಣ) ಹೊಡೆದು, ಹೆಲಿಕಾಯಿಲ್ ಕೂರಿಸಿದರು. ಅದು ಸ್ಟೇನ್‌ಲೆಸ್ ತಂತಿಯ ಸುರುಳಿ. ಒಳಬದಿಯಲ್ಲಿ ಮೊದಲಿನ ಅಳತೆಯ ಥ್ರೆಡ್ಡೇ ಸಿಗುತ್ತದೆ, ಬರೀ ಅಲ್ಯೂಮಿನಿಯಂ ಥ್ರೆಡ್ಡಿಗಿಂತ ಗಟ್ಟಿ ಕೂಡ. ಹಾಗಾಗಿ ಥ್ರೆಡ್ ಹೋಯಿತು ಅಂದ ತಕ್ಷಣ ಹೆಡ್ಡೇ ಬದಲಿಸಬೇಕು ಅನ್ನುವವರ ಮಾತು ನಂಬಿಬಿಡಬೇಡಿ, ಹೆಲಿಕಾಯಿಲ್ ಆಗುತ್ತಾ ಅಂತ ಮೊದಲು ಕೇಳಿ.

ನಿಮ್ಮ ಬೋಲ್ಟ್ ಇನ್ನೂ ಮುರಿದಿಲ್ಲ ಅಂದರೆ ದಾರಿ ಸುಲಭ. ಉಕ್ಕಿನ ಬೋಲ್ಟ್, ಅಲ್ಯೂಮಿನಿಯಂ ಮೈ, ನಡುವೆ ತೇವ: ಈ ಮೂರೂ ಸೇರಿದ ಕಡೆ ಅಲ್ಯೂಮಿನಿಯಂ ಸವೆದು ಬಿಳಿ ಪುಡಿಯಾಗುತ್ತದೆ. ಆ ಪುಡಿ ಮೊದಲಿದ್ದ ಲೋಹಕ್ಕಿಂತ ಜಾಸ್ತಿ ಜಾಗ ತಗೊಂಡು ಥ್ರೆಡ್ ಸಂದಿಯಲ್ಲಿ ತುಂಬಿಕೊಳ್ಳುತ್ತದೆ. ತುಕ್ಕು ಬಿಡಿಸುವ ಪೆನಿಟ್ರೇಟಿಂಗ್ ಆಯಿಲ್ ಆ ಸಂದಿಗೆ ಇಳಿಯಲು ಗಂಟೆಗಟ್ಟಲೆ ಬೇಕು. ಸ್ಪ್ರೇ ಹೊಡೆದ ಮರುಕ್ಷಣ ಸ್ಪ್ಯಾನರ್ ಹಾಕಿದರೆ ಏನೂ ಉಪಯೋಗ ಇಲ್ಲ. ರಾತ್ರಿಯಿಡೀ ಬಿಡಿ, ನಡುವೆ ಇನ್ನೆರಡು ಸಲ ಹೊಡೆಯಿರಿ, ತಲೆಯ ಮೇಲೆ ನೇರವಾಗಿ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಬಿಚ್ಚುವಾಗ ಮೊದಲು ಒಂದು ಕೂದಲೆಳೆಯಷ್ಟು ಬಿಗಿ ಮಾಡಿ, ಆಮೇಲೆ ಸಡಿಲ, ಮತ್ತೆ ಬಿಗಿ, ಹೀಗೆ ಆಡಿಸಿ. ಆಡಲು ಶುರುವಾದರೆ ಗೆದ್ದಂತೆ.

ಆಗಲೂ ಬರದಿದ್ದರೆ ಕಾವು ಕೊಡಿಸಿ. ಕಾಯಿಸಬೇಕಾದ್ದು ಬೋಲ್ಟಿನ ಸುತ್ತಲಿನ ಅಲ್ಯೂಮಿನಿಯಂ. ಅದು ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ, ತೂತು ದೊಡ್ಡದಾಗಿ ಬೋಲ್ಟ್ ಸಡಿಲವಾಗುತ್ತದೆ. ಬೋಲ್ಟಿಗೆ ಕೆಂಪು ಥ್ರೆಡ್ ಲಾಕರ್ (ಬೋಲ್ಟ್ ಸಡಿಲವಾಗದಂತೆ ಹಚ್ಚುವ ಅಂಟು) ಹಾಕಿದ್ದರೂ ಸುಮಾರು 250 ಡಿಗ್ರಿ ಸೆಲ್ಸಿಯಸ್ಸಿಗೆ ಅದು ಮೆತ್ತಗಾಗುತ್ತದೆ. ಆದರೆ ಅಲ್ಯೂಮಿನಿಯಂ ಕಬ್ಬಿಣದ ಹಾಗೆ ಕೆಂಪಾಗಿ ಮುನ್ಸೂಚನೆ ಕೊಡುವುದಿಲ್ಲ. 660 ಡಿಗ್ರಿಗೆ ಕರಗುತ್ತದೆ, ಎಂಜಿನ್ ಭಾಗಗಳ ಮಿಶ್ರಲೋಹ ಅದಕ್ಕೂ ಕಡಿಮೆಗೇ. ನೋಡನೋಡುತ್ತಲೇ ಕುಸಿದುಬಿಡುತ್ತದೆ. ಹಾಗಾಗಿ ಹೀಟ್ ಗನ್ ಅಥವಾ ಸಣ್ಣ ಬ್ಲೋ ಟಾರ್ಚ್ ಸಾಕು, ಗ್ಯಾಸ್ ಕಟಿಂಗಿನ ಜ್ವಾಲೆ ಬೇಡ.

ಕಾವು ಕೊಡುವ ಜಾಗಕ್ಕೆ ಮೊದಲು ಬ್ರೇಕ್ ಕ್ಲೀನರ್ ಹೊಡೆದು ತೊಳೆಯುವವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಲೇಬೇಡಿ. ಕೆಲವು ಬ್ರೇಕ್ ಕ್ಲೀನರ್‌ಗಳಲ್ಲಿ ಕ್ಲೋರಿನ್ ಇರುವ ದ್ರಾವಕ ಇರುತ್ತದೆ. ಅದು ಬೆಂಕಿಗೆ ಅಥವಾ ವೆಲ್ಡಿಂಗಿಗೆ ಸಿಕ್ಕರೆ ಫಾಸ್ಜೀನ್ ಅನಿಲ ಹುಟ್ಟಬಹುದು. ಮೊದಲ ಮಹಾಯುದ್ಧದಲ್ಲಿ ಸೈನಿಕರ ಮೇಲೆ ಬಿಟ್ಟ ವಿಷಾನಿಲ ಅದು. ಉಸಿರಾಡಿದ ಹೊತ್ತಿಗೆ ದೊಡ್ಡದೇನೂ ಅನಿಸದೆ, ಗಂಟೆಗಳ ಮೇಲೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಕ್ಲೋರಿನ್ ಇಲ್ಲದ ಕ್ಲೀನರ್‌ಗಳಿಗೆ ಬೆಂಕಿಯೇ ಹತ್ತಿಕೊಳ್ಳುತ್ತದೆ. ಪೆನಿಟ್ರೇಟಿಂಗ್ ಆಯಿಲ್ ಕೂಡ ಉರಿಯುವ ವಸ್ತುವೇ, ಚೆನ್ನಾಗಿ ಒರೆಸಿ ತೆಗೆದ ಮೇಲಷ್ಟೇ ಕಾವು ಕೊಡಿಸಿ.

ವಾಪಸ್ ಹಾಕುವಾಗ ಮುರಿದದ್ದರ ಜೊತೆ ಉಳಿದ ಎರಡು ಬೋಲ್ಟನ್ನೂ ಹೊಸದು ಮಾಡಿಸಿದೆ, ಎಷ್ಟು ಬಿಗಿ ಅಂತ ಅಳೆಯುವ ಟಾರ್ಕ್ ರೆಂಚಿನಲ್ಲೇ ಬಿಗಿ ಮಾಡಿಸಿದೆ. 6 ಎಂಎಂ ಬೋಲ್ಟಿಗೆ ಸಾಮಾನ್ಯವಾಗಿ 10 ನ್ಯೂಟನ್ ಮೀಟರ್ ಆಸುಪಾಸು ಸಾಕು, ನಿಖರ ಅಳತೆ ನಿಮ್ಮ ಕಾರಿನ ಸರ್ವೀಸ್ ಮ್ಯಾನುವಲ್‌ನಲ್ಲಿರುತ್ತದೆ. ಇಂಥ ಕೆಲಸಕ್ಕೆ ಕಾರು ಬಿಡುವ ಮುಂಚೆ ಮೆಕ್ಯಾನಿಕ್‌ಗೆ ಒಂದು ಮಾತು ಹೇಳಿ: ಬೋಲ್ಟ್ ಸ್ಪ್ರಿಂಗ್ ತರ ಹಿಂದಕ್ಕೆ ಬಂದರೆ ನಿಲ್ಲಿಸಿ ನನಗೆ ಫೋನ್ ಮಾಡಿ, ಮುರಿದರೆ ಹೊರಗಿರುವ ತುಂಡನ್ನು ಕತ್ತರಿಸಬೇಡಿ. ಅದಕ್ಕೆ ಅವರು ಒಪ್ಪದಿದ್ದರೆ ಕಾರನ್ನು ಬೇರೆ ಕಡೆ ತೋರಿಸಿ.