ಹಳೇ ಡಿಸ್ಟ್ರಿಬ್ಯೂಟರ್ ಅನ್ನು ಗ್ಯಾರೇಜಿನಲ್ಲಿ ಬಿಟ್ಟು ಬರಬೇಡಿ

ಹುಬ್ಬಳ್ಳಿ-ಧಾರವಾಡದಲ್ಲಿ ಇನ್ನೂ ಹಳೇ ಅಂಬಾಸಿಡರ್ ಓಡಿಸುವವರು ಇದ್ದೀರಲ್ಲ, ಇದು ನಿಮಗಾಗಿ. ಡಿಸ್ಟ್ರಿಬ್ಯೂಟರ್ ಅಂದರೆ ಎಂಜಿನ್ನಿನ ಸಿಲಿಂಡರುಗಳಿಗೆ ಸರದಿಯಂತೆ ಕಿಡಿ ಹಂಚುವ ಭಾಗ. "ಡಿಸ್ಟ್ರಿಬ್ಯೂಟರ್ ಹೋಗಿದೆ, ಹೊಸದು ಹಾಕಿಬಿಡೋಣ" ಅಂತ ಯಾರಾದರೂ ಹೇಳಿದರೆ ತಕ್ಷಣ ಹೂಂ ಅನ್ನಬೇಡಿ. ಹಾಕಿಸಲೇಬೇಕಾಗಿ ಬಂದರೂ ಬಿಚ್ಚಿದ್ದನ್ನು ಮನೆಗೆ ತನ್ನಿ.

ನಮ್ಮದು 1489 ಸಿಸಿ ಪೆಟ್ರೋಲ್ ಎಂಜಿನ್ನಿನ ಗಾಡಿ. ಇಸುಜು ಎಂಜಿನ್ ಇರುವವರ ಕಥೆ ಬೇರೆ, ಅದು ಇಲ್ಲಿ ಬೇಡ. ಮಳೆಗಾಲ ಮುಗಿಯುವ ಹೊತ್ತಿಗೆ ಮಿಸ್ಸಿಂಗ್, ಅಂದರೆ ನಡುನಡುವೆ ಕಿಡಿ ತಪ್ಪುವುದು, ಶುರುವಾಯಿತು. ನಿಂತಲ್ಲಿ ಚೆನ್ನಾಗಿಯೇ ಓಡುತ್ತಿತ್ತು. ಆಕ್ಸಿಲರೇಟರ್ ಮೇಲೆ ಕಾಲಿಟ್ಟರೆ ಜಗ್ಗಾಡುತ್ತಿತ್ತು. ಹುಬ್ಬಳ್ಳಿಯ ಒಂದು ಗ್ಯಾರೇಜಿಗೆ ಬಿಟ್ಟು, ಪಾಯಿಂಟ್ (ಡಿಸ್ಟ್ರಿಬ್ಯೂಟರ್ ಒಳಗೆ ತೆರೆದು ಮುಚ್ಚಿ ಕಿಡಿ ಹುಟ್ಟಿಸುವ ಸ್ವಿಚ್ಚು) ನೋಡಿ ಅದರ ಗ್ಯಾಪ್ ಸೆಟ್ ಮಾಡಿ ಅಂತ ಹೇಳಿ ಬಂದೆ. ಹೇಳಿದ್ದು ಅಷ್ಟೇ. ಸಂಜೆ ಹೋದರೆ ಹೊಸ ಡಿಸ್ಟ್ರಿಬ್ಯೂಟರ್ ಕೂತಿದೆ, ಬಿಲ್ಲೂ ರೆಡಿ ಇದೆ! ಒಂದು ಫೋನ್ ಕೂಡ ಇಲ್ಲ. ಹಳೆಯದು ಎಲ್ಲಿ ಅಂದರೆ, "ಅದು ಸ್ಕ್ರ್ಯಾಪ್ ಸರ್, ಬುಶ್ ಪೂರ್ತಿ ಹೋಗಿತ್ತು" ಅಂದರು. ಬುಶ್ ಅಂದರೆ ಒಳಗಿನ ಶಾಫ್ಟ್ ಕೂತು ತಿರುಗುವ ಲೋಹದ ಕೊಳವೆ. ಕೊಡದೆ ದುಡ್ಡು ಕೊಡುವುದಿಲ್ಲ ಅಂತ ಕೂತ ಮೇಲೆ, ಕೆಲಸದ ಹುಡುಗ ಮೂಲೆಯ ಡಬ್ಬಿಯಿಂದ ಹುಡುಕಿ ತಂದ. ಮೇಲಿನ ಮುಚ್ಚಳ ಕ್ಯಾಪ್ ಇಲ್ಲ, ಒಳಗೆ ತಿರುಗುತ್ತ ಕಿಡಿ ಹಂಚುವ ರೋಟರ್ ಇಲ್ಲ.

ಊರೊಳಗೆ ಗಾಡಿ ಚೆನ್ನಾಗಿ ಓಡಿತು. ಸಿಗ್ನಲ್‌ನಿಂದ ಸಿಗ್ನಲ್‌ಗೆ ಹೋಗುವಾಗ ಏನೂ ಗೊತ್ತಾಗುವುದಿಲ್ಲ. ಗೊತ್ತಾಗಿದ್ದು ಗೋಕರ್ಣದಿಂದ ವಾಪಸ್ ಬರುವಾಗ, ಅರಬೈಲ್ ಘಾಟ್ ಹತ್ತುವಾಗ. ಥರ್ಡ್ ಗೇರಿನಲ್ಲಿ ಸ್ವಲ್ಪ ಜೋರು ಮಾಡಿದರೆ ಸಾಕು, ಎಂಜಿನ್ನಿನಿಂದ ಡಬ್ಬಿಯಲ್ಲಿ ಹರಳು ಹಾಕಿ ಅಲ್ಲಾಡಿಸಿದಂಥ ಸದ್ದು. ಟೆಂಪರೇಚರ್ ಮುಳ್ಳು ಮೇಲೇರತೊಡಗಿತು. ಬದಿಗೆ ನಿಲ್ಲಿಸಿ, ಆರಿಸಿ, ಮತ್ತೆ ಹತ್ತಿಸಿ, ಹಾಗೂ ಹೀಗೂ ಯಲ್ಲಾಪುರ ಮುಟ್ಟಿದೆವು.

ಮರುದಿನ ಗ್ಯಾರೇಜಿನವರು ಡಿಸ್ಟ್ರಿಬ್ಯೂಟರಿನ ಕ್ಲ್ಯಾಂಪ್ ಸಡಿಲಿಸಿ ಬಾಡಿಯನ್ನು ಚೂರು ತಿರುಗಿಸಿ, "ಈಗ ಸರಿ ಆಯ್ತು" ಅಂದರು. ಆ ಸದ್ದು, ಅಂದರೆ ನಾಕಿಂಗ್, ನಿಂತಿತು, ನಿಜ. ಜೊತೆಗೆ ಪಿಕಪ್ಪೂ ಹೋಯಿತು. ಪೆಟ್ರೋಲ್ ಜಾಸ್ತಿ ಕುಡಿಯತೊಡಗಿತು.

ಎಲ್ಲರೂ ಮೋಸ ಹೋಗುವುದು ಇಲ್ಲೇ, ಅದಕ್ಕೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಎಂಜಿನ್ ವೇಗ ಹೆಚ್ಚಿದ ಹಾಗೆ ಕಿಡಿ ಇನ್ನಷ್ಟು ಮುಂಚೆ ಬೀಳಬೇಕು, ಪೆಟ್ರೋಲ್ ಉರಿಯಲು ಸಿಗುವ ಸಮಯ ಕಡಿಮೆಯಾಗುತ್ತದಲ್ಲ. ಎಷ್ಟು ಮುಂಚೆ ಬೀಳಬೇಕು ಅನ್ನುವುದನ್ನು ಡಿಸ್ಟ್ರಿಬ್ಯೂಟರ್ ಒಳಗಿನ ಎರಡು ತೂಕದ ತುಂಡುಗಳು ಮತ್ತು ಎರಡು ಸ್ಪ್ರಿಂಗ್ ಸೇರಿ ತೀರ್ಮಾನಿಸುತ್ತವೆ. ಹೊರಗಿನ ಬಾಡಿ ತಿರುಗಿಸಿದರೆ ಎಲ್ಲ ವೇಗದಲ್ಲೂ ಟೈಮಿಂಗ್ (ಕಿಡಿ ಬೀಳುವ ಹೊತ್ತು) ಒಟ್ಟಿಗೆ ಹಿಂದೆ ಮುಂದೆ ಆಗುತ್ತದೆ, ಅಷ್ಟೇ. ಒಳಗಿನ ಸ್ಪ್ರಿಂಗೇ ತಪ್ಪಿದ್ದರೆ ಒಂದು ಕಡೆ ಸರಿ ಮಾಡಿದ್ದು ಇನ್ನೊಂದು ಕಡೆ ಕೆಡುತ್ತದೆ. ಘಾಟಿಗೆ ಸರಿ ಮಾಡಿದರೆ ಊರಲ್ಲಿ ಸತ್ತ ಹಾಗೆ, ಊರಿಗೆ ಸರಿ ಮಾಡಿದರೆ ಘಾಟಿನಲ್ಲಿ ಬಡಿತ.

ಧಾರವಾಡದ ಒಬ್ಬ ಹಳೇ ಮೇಸ್ತ್ರಿ ಎರಡನ್ನೂ ಮೇಜಿನ ಮೇಲೆ ಪಕ್ಕ ಪಕ್ಕ ಬಿಚ್ಚಿ ತೋರಿಸಿದರು. ನಮ್ಮದು ಲೂಕಾಸ್ 25ಡಿ4 ಮಾದರಿ. ಪಾಯಿಂಟ್ ಕೂರುವ ಪ್ಲೇಟ್ ತೆಗೆದರೆ ಕೆಳಗೆ, ಪಾಯಿಂಟ್ ತೆರೆಸುವ ಉಬ್ಬುಗಳಿರುವ ಕ್ಯಾಮಿನ ಬುಡದಲ್ಲಿ ಒಂದು ಅಂಕಿ ಒತ್ತಿರುತ್ತಾರೆ. ಆ ತೂಕಗಳು ಕಿಡಿಯನ್ನು ಗರಿಷ್ಠ ಎಷ್ಟು ಡಿಗ್ರಿ ಮುಂಚೆ ಬೀಳಿಸುತ್ತವೆ ಅನ್ನುವ ಅಂಕಿ ಅದು. ಡಿಸ್ಟ್ರಿಬ್ಯೂಟರ್ ಕ್ರ್ಯಾಂಕಿನ (ಎಂಜಿನ್ನಿನ ಮುಖ್ಯ ಶಾಫ್ಟಿನ) ಅರ್ಧ ವೇಗದಲ್ಲಿ ತಿರುಗುವುದರಿಂದ 10 ಅಂತ ಇದ್ದರೆ ಕ್ರ್ಯಾಂಕಿನಲ್ಲಿ 20 ಡಿಗ್ರಿ. ಹಳೆಯದರಲ್ಲಿ ಅಂಕಿ ಇತ್ತು, ಒಂದು ತೆಳು ಸ್ಪ್ರಿಂಗ್ ಒಂದು ದಪ್ಪ ಸ್ಪ್ರಿಂಗ್ ಇತ್ತು. ಹೊಸದರಲ್ಲಿ ಅಂಕಿಯೇ ಇಲ್ಲ, ಎರಡೂ ತೆಳು ಸ್ಪ್ರಿಂಗ್. ಕೈಯಲ್ಲಿ ಹಿಡಿದು ತಿರುಗಿಸಿದರೆ ಕ್ಯಾಮ್ ಹಳೆಯದಕ್ಕಿಂತ ಎದ್ದು ಕಾಣುವಷ್ಟು ದೂರ ಹೋಗುತ್ತಿತ್ತು. ಯಾವುದೋ ಬೇರೆ ಎಂಜಿನ್ನಿನ ಲೆಕ್ಕ. ಆದರೆ ಕೆಳಗೆ ಎಂಜಿನ್ನಿಗೆ ಕಚ್ಚಿಕೊಳ್ಳುವ ತುದಿ, ಅಂದರೆ ಡಾಗ್, ಅದೇ ಅಳತೆಯದು, ಒಂದೇ ದಿಕ್ಕಿನಲ್ಲಿ ಕೂರುವಂಥದ್ದು. ಹಾಗಾಗಿ ಸಲೀಸಾಗಿ ಕೂತುಬಿಡುತ್ತದೆ. ಕೂತಿತು ಅಂದರೆ ಸರಿಯಾದದ್ದು ಅಂತ ಲೆಕ್ಕ ಹಾಕುತ್ತಾರೆ.

ಇನ್ನು ಆ "ಪೂರ್ತಿ ಹೋದ" ಹಳೆಯದರ ನಿಜವಾದ ರೋಗ ಏನು ಗೊತ್ತಾ? ಒಳಗಿನ ಅರ್ಥ್ ವೈರ್. ಪಾಯಿಂಟ್ ಪ್ಲೇಟಿನಿಂದ ಬಾಡಿಗೆ ಬರುವ ಬೆರಳುದ್ದದ ಹೆಣೆದ ತಂತಿ. ಎಂಜಿನ್ನಿನ ವ್ಯಾಕ್ಯೂಮ್ (ಗಾಳಿ ಹೀರುವ ಸೆಳೆತ) ಎಳೆದಾಗೆಲ್ಲ ಪ್ಲೇಟ್ ಅಲ್ಲಾಡುತ್ತದೆ, ಜೊತೆಗೆ ಇದೂ ಬಾಗುತ್ತದೆ. ವರ್ಷಾನುಗಟ್ಟಲೆ ಬಾಗಿ ಬಾಗಿ ಒಳಗೇ ಕಡಿದು ಎರಡು ಮೂರು ಎಳೆ ಉಳಿದಿತ್ತು. ಹೊರಗಿನ ಬಟ್ಟೆ ಹಾಗೇ ಇದ್ದದ್ದರಿಂದ ಮೇಲೆ ನೋಡಿದರೆ ಏನೂ ಕಾಣುತ್ತಿರಲಿಲ್ಲ. ಆಕ್ಸಿಲರೇಟರ್ ಒತ್ತಿದಾಗ ಮಾತ್ರ ಮಿಸ್ಸಿಂಗ್ ಬರುತ್ತಿದ್ದದ್ದು ಅದಕ್ಕೇ.

ಬುಶ್ ಕೂಡ ಸವೆದು ಸಡಿಲವಾಗಿತ್ತು, ಸುಳ್ಳಲ್ಲ. ಆದರೆ ಇದನ್ನು ಮಾತಿನಲ್ಲಿ ಒಪ್ಪಬೇಡಿ, ನಿಮ್ಮ ಎದುರಿಗೇ ಅಳೆಯಿಸಿ. ಪಾಯಿಂಟ್ ಗ್ಯಾಪ್ 0.35ರಿಂದ 0.40 ಮಿಲಿಮೀಟರ್ ಇರಬೇಕು. ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಇಟ್ಟುಕೊಂಡೇ ಶಾಫ್ಟಿನ ತುದಿಯನ್ನು ಪಕ್ಕಕ್ಕೆ ಒತ್ತಿದರೆ ಗ್ಯಾಪ್ ಎಷ್ಟು ಬದಲಾಗುತ್ತದೆ ನೋಡಿ. ಕ್ಯಾಮಿನ ನಾಲ್ಕೂ ಉಬ್ಬಿನ ಮೇಲೆ ನೋಡಿ. ಪ್ಲೇಟನ್ನು ಎಳೆಯುವ ವ್ಯಾಕ್ಯೂಮ್ ಡಬ್ಬಿಗೆ ಇನ್ನೂ ಸುಲಭ: ಪೈಪ್ ಬಾಯಲ್ಲಿಟ್ಟು ಎಳೆದು ನಾಲಿಗೆಯಿಂದ ಮುಚ್ಚಿ. ಪ್ಲೇಟ್ ಸರಿದು ಅಲ್ಲೇ ನಿಲ್ಲಬೇಕು. ವಾಪಸ್ ಬಂದರೆ ಒಳಗಿನ ಡಯಾಫ್ರಮ್ (ತೆಳು ಪೊರೆ) ಹರಿದಿದೆ.

ಗೋಕುಲ ರಸ್ತೆಯ ಒಬ್ಬ ಲೇತ್‌ನವರ ಹತ್ತಿರ ಬುಶ್ ಹಾಕಿಸಿದೆವು. ಇಲ್ಲಿ ಒಂದು ಎಚ್ಚರ. ಇದು ಎಣ್ಣೆ ಹೀರಿಕೊಳ್ಳುವ ಸಣ್ಣ ಸಣ್ಣ ರಂಧ್ರಗಳ ಕಂಚಿನ ಬುಶ್. ಹಾಕುವ ಮೊದಲು 24 ಗಂಟೆ ಎಂಜಿನ್ ಆಯಿಲ್‌ನಲ್ಲಿ ನೆನೆಯಬೇಕು. ಬಿಗಿಯಾಯಿತು ಅಂತ ಒಳಗೆ ಕೊರೆದು ಅಗಲ ಮಾಡುವ ರೀಮರ್ ಹಾಕಲು ಹೋಗುತ್ತಾರೆ, ಬಿಡಬೇಡಿ. ರಂಧ್ರ ಮುಚ್ಚಿಹೋದರೆ ಆ ಬುಶ್ ಬೇಗ ತಿಂದುಹೋಗುತ್ತದೆ. ಬುಶ್, ಅರ್ಥ್ ವೈರ್, ಪಾಯಿಂಟ್, ಕಂಡೆನ್ಸರ್ ಎಲ್ಲ ಸೇರಿ ಹೊಸದಕ್ಕೆ ತೆತ್ತ ದುಡ್ಡಿನ ಅರ್ಧವೂ ಆಗಲಿಲ್ಲ. ರೋಟರ್ ಕೊಳ್ಳುವಾಗ ಮಾತ್ರ ಚೌಕಾಸಿ ಬೇಡ. ಅಗ್ಗದವುಗಳಲ್ಲಿ ಮೇಲಿನ ಹಿತ್ತಾಳೆ ಪಟ್ಟಿಗೆ ಹಾಕಿದ ರಿವೆಟ್ ಒಳಗಿನ ಶಾಫ್ಟಿಗೆ ತೀರಾ ಹತ್ತಿರ ಇರುತ್ತದೆ. ಬಿಸಿಯಾದ ಮೇಲೆ ಕಿಡಿ ಅಲ್ಲಿಂದಲೇ ಹಾರಿ, ಗಾಡಿ ನಡುರಸ್ತೆಯಲ್ಲಿ ನಿಲ್ಲುತ್ತದೆ.

ಪಾಯಿಂಟ್ ಬದಲು ಎಲೆಕ್ಟ್ರಾನಿಕ್ ಕಿಟ್ ಹಾಕಿಸಿ ಅನ್ನುವವರೂ ಇದ್ದಾರೆ. ಹಾಕಿಸಬಹುದು, ತಪ್ಪೇನಿಲ್ಲ. ಆದರೆ ತೂಕ, ಸ್ಪ್ರಿಂಗ್ ಹಳೆಯವೇ ಇರುತ್ತವೆ, ಅವು ಕೆಟ್ಟಿದ್ದರೆ ಕಿಟ್ ಸರಿ ಮಾಡುವುದಿಲ್ಲ. ಬ್ಯಾಟರಿಯ ಯಾವ ತುದಿ ಬಾಡಿಗೆ ಕಟ್ಟಿದೆ ಅಂತ ನೋಡದೆ ಜೋಡಿಸಿದರೆ ಕಿಟ್ ಅಲ್ಲೇ ಸುಟ್ಟುಹೋಗಬಹುದು.

ನಿಜವಾಗಿಯೂ ಬದಲಿಸಬೇಕಾದ ಸಂದರ್ಭ ಇಲ್ಲವೇ ಅಂದರೆ, ಇದೆ. ಬಾಡಿ ಬಿರುಕು ಬಿಟ್ಟಿದ್ದರೆ, ಕ್ಯಾಮಿನ ಉಬ್ಬುಗಳೇ ಸವೆದಿದ್ದರೆ ರಿಪೇರಿಗೆ ಸುಮ್ನೆ ದುಡ್ಡು ಹಾಕಬೇಡಿ. ಆಗಲೂ ಹೊಸ ನಕಲಿಗಿಂತ ಇನ್ನೊಂದು ಅಂಬಾಸಿಡರಿನಿಂದ ಬಿಚ್ಚಿದ ಅದೇ ನಂಬರಿನ ಹಳೆಯದು ವಾಸಿ. ನಂಬರ್ ಬಾಡಿಯ ಪಕ್ಕದಲ್ಲೇ ಒತ್ತಿರುತ್ತದೆ, ಸೀಮೆಎಣ್ಣೆಯಲ್ಲಿ ಒರೆಸಿದರೆ ಕಾಣುತ್ತದೆ.

ಆ ಹೊಸ ಡಿಸ್ಟ್ರಿಬ್ಯೂಟರ್ ಈಗ ನನ್ನ ಶೆಡ್ಡಿನಲ್ಲಿದೆ. ಕ್ಯಾಪ್ ಚೆನ್ನಾಗಿದೆ, ಬೇಕಾದವರು ಕೇಳಿ, ಪುಕ್ಕಟೆ ಕೊಡುತ್ತೇನೆ. ಉಳಿದದ್ದನ್ನು ಮಾತ್ರ ಯಾರು ಕೇಳಿದರೂ ಕೊಡುವುದಿಲ್ಲ.