ದಿ ಲಾಸ್ಟ್ ಬ್ಯಾಟಲ್: ಒಂಬತ್ತು ಅಧ್ಯಾಯ ಕಟ್ಟಿದ್ದನ್ನು ಕೈಬಿಟ್ಟ ಕೊನೆ

ಪ್ರಾಣಿಗಳು ಮಾತಾಡುವ ಕಲ್ಪನೆಯ ಲೋಕ ನಾರ್ನಿಯಾ. ಅದರ ಬಗ್ಗೆ ಸಿ.ಎಸ್. ಲೂಯಿಸ್ ಬರೆದ ಸರಣಿಯ ಏಳನೆಯ ಮತ್ತು ಕೊನೆಯ ಪುಸ್ತಕ ‘ದಿ ಲಾಸ್ಟ್ ಬ್ಯಾಟಲ್’ 1956ರಲ್ಲಿ ಬಂತು. ಮಕ್ಕಳ ಪುಸ್ತಕಗಳಿಗೆ ಬ್ರಿಟನ್ನಿನಲ್ಲಿ ಕೊಡುವ ಕಾರ್ನೆಗಿ ಪದಕವೂ ಇದಕ್ಕೆ ಸಿಕ್ಕಿತು. ಒಟ್ಟು 16 ಅಧ್ಯಾಯ. ಅದರಲ್ಲಿ ಮೊದಲ ಒಂಬತ್ತು ಇಡೀ ಸರಣಿಯಲ್ಲೇ ಗಟ್ಟಿಯಾದ ಬರವಣಿಗೆ. ಆಮೇಲೆ ಪುಸ್ತಕ ತಾನೇ ಎತ್ತಿದ ಪ್ರಶ್ನೆಗೆ ಬೆನ್ನು ಹಾಕುತ್ತದೆ.

ಶಿಫ್ಟ್ ಎಂಬ ಮುದಿ ಕಪಿಗೆ ಜಲಪಾತದ ಮಡುವಿನಲ್ಲಿ ಸಿಂಹದ ಚರ್ಮ ಸಿಗುತ್ತದೆ. ಅದನ್ನು ಪಝಲ್ ಎಂಬ ಪಾಪದ ಕತ್ತೆಗೆ ತೊಡಿಸಿ, ನಾರ್ನಿಯಾವನ್ನು ಸೃಷ್ಟಿಸಿದ ಸಿಂಹ ಅಸ್ಲಾನ್ ಮರಳಿ ಬಂದಿದ್ದಾನೆಂದು ಸಾರುತ್ತಾನೆ. ನಮ್ಮ ಪಂಚತಂತ್ರದಲ್ಲಿ ಹುಲಿಯ ಚರ್ಮ ಹೊದ್ದ ಕತ್ತೆ ಅರಚಿ ಸಿಕ್ಕಿಬೀಳುತ್ತದೆ. ಶಿಫ್ಟ್ ಅದಕ್ಕೆ ಆಸ್ಪದವನ್ನೇ ಕೊಡುವುದಿಲ್ಲ. ಕತ್ತೆಯನ್ನು ತೋರಿಸುವುದು ರಾತ್ರಿ ಮಾತ್ರ, ಬೆಂಕಿಯ ಬೆಳಕಿನಲ್ಲಿ, ಸ್ವಲ್ಪ ಹೊತ್ತು. ಅದು ಬಾಯಿ ಬಿಡುವಂತಿಲ್ಲ, ಅಪ್ಪಣೆಯೆಲ್ಲ ಕಪಿಯ ಬಾಯಿಂದಲೇ. ಮರ ಕಡಿಸುವುದು, ಕ್ಯಾಲೊರ್ಮೆನ್ ದೇಶಕ್ಕೆ ಜೀತದಾಳುಗಳನ್ನು ಕಳಿಸುವುದು, ಎಲ್ಲವೂ ಅಸ್ಲಾನ್ ಹೆಸರಿನಲ್ಲಿ.

ಇಂಗ್ಲೆಂಡಿನಿಂದ ನೆರವಿಗೆ ಬಂದ ಹುಡುಗಿ ಜಿಲ್ ಆ ಕತ್ತೆಯನ್ನು ಲಾಯದಿಂದ ಹೊರತಂದಾಗ, ಇನ್ನು ಜನರಿಗೆ ತೋರಿಸಿದರೆ ಸಾಕು, ಸುಳ್ಳು ಬಯಲಾಗುತ್ತದೆ ಎಂದು ರಾಜ ಟಿರಿಯನ್ ನಂಬುತ್ತಾನೆ. ಆದರೆ ಅವನು ಜೀತದಿಂದ ಬಿಡಿಸಿದ ಕುಳ್ಳರು ವೇಷ ಕಳಚಿದ್ದನ್ನು ಕಣ್ಣಾರೆ ಕಂಡೂ ಅವನ ಕಡೆ ಬರುವುದಿಲ್ಲ. ಒಮ್ಮೆ ಮೋಸ ಹೋದದ್ದು ಸಾಕು, ಇನ್ನು ನಿಜವಾದ ಅಸ್ಲಾನ್ ಕೂಡ ಬೇಡ ಎನ್ನುತ್ತಾರೆ. ಅಷ್ಟು ಜನರಲ್ಲಿ ಪಾಗಿನ್ ಒಬ್ಬನೇ ಹಿಂದಿರುಗುವುದು. ಇತ್ತ ಶಿಫ್ಟ್ ಒಂಬತ್ತನೆಯ ಅಧ್ಯಾಯದ ಸಭೆಯಲ್ಲಿ, ಸಿಂಹದ ಚರ್ಮ ಹೊದ್ದ ಕತ್ತೆಯೊಂದು ಕಾಡಿನಲ್ಲಿ ಅಸ್ಲಾನ್ ಎಂದು ಹೇಳಿಕೊಂಡು ತಿರುಗುತ್ತಿದೆ ಎಂದು ತಾನೇ ಮೊದಲು ಹೇಳಿಬಿಡುತ್ತಾನೆ. ಈಗ ಟಿರಿಯನ್ ಕತ್ತೆಯನ್ನು ಮುಂದೆ ತಂದರೆ ಕಪಿಯ ಮಾತೇ ನಿಜವಾದಂತೆ. ಸುಳ್ಳಿಗೆ ಒಂದು ತುಂಡು ಸತ್ಯ ಬೆರೆಸಿದರೆ ಪುರಾವೆಯೇ ಕೆಲಸಕ್ಕೆ ಬಾರದಂತಾಗುತ್ತದೆ ಎಂಬುದನ್ನು ಇಷ್ಟು ಸರಳವಾಗಿ ತೋರಿಸುವ ಮಕ್ಕಳ ಕಥೆ ಅಪರೂಪ.

ಹಾಗಾದರೆ ಮೋಸ ಹೋದವರ ನಂಬಿಕೆಯನ್ನು ಮರಳಿ ಗಳಿಸುವುದು ಹೇಗೆ? ಕಥೆ ಉತ್ತರಿಸಬೇಕಿದ್ದದ್ದು ಇದಕ್ಕೆ. ಅಸ್ಲಾನ್ ಬರುವುದು 13ನೆಯ ಅಧ್ಯಾಯದಲ್ಲಿ, ಅಷ್ಟರಲ್ಲಿ ಯುದ್ಧ ಸೋತು ಎಲ್ಲರೂ ಲಾಯದ ಬಾಗಿಲು ದಾಟಿ ಬೇರೊಂದು ಲೋಕಕ್ಕೆ ಬಂದಾಗಿದೆ. ಅವನು ಕುಳ್ಳರ ಮುಂದೆ ಔತಣ ಬಡಿಸಿದರೂ ಅವರ ನಾಲಿಗೆಗೆ ಅದು ಹುಲ್ಲು, ಹಳಸಿದ ಗೆಡ್ಡೆ. ಈ ದೃಶ್ಯ ಚೆನ್ನಾಗಿದೆ, ಆದರೆ ಅಲ್ಲಿಗೇ ನಿಲ್ಲುತ್ತದೆ. 14ರಲ್ಲಿ ನಕ್ಷತ್ರಗಳು ಕೆಳಗಿಳಿಯುತ್ತವೆ, ಜೀವಿಗಳೆಲ್ಲ ಅಸ್ಲಾನ್ ಮುಖ ನೋಡಿ ಎಡಕ್ಕೋ ಬಲಕ್ಕೋ ಸರಿಯುತ್ತವೆ, ಲೋಕ ಮುಗಿಯುತ್ತದೆ. ಅವನನ್ನು ಒಪ್ಪಿ ಬಾಗಿಲೊಳಗೆ ಬಂದವರಲ್ಲಿ, ಟಿರಿಯನ್‌ನ ನೆರವಿಗೆ ಓಡಿಬರುತ್ತಿದ್ದ ಮಾತಾಡುವ ಕುದುರೆಗಳನ್ನು ಬಾಣ ಬಿಟ್ಟು ಕೊಂದ ಕುಳ್ಳರಲ್ಲಿ ಒಬ್ಬನೂ ಇದ್ದಾನೆ! ಅವನ ಮನಸ್ಸು ಎಲ್ಲಿ, ಯಾಕೆ ತಿರುಗಿತು? ಜಿಲ್ ಜೊತೆ ಬಂದ ಹುಡುಗ ಯೂಸ್ಟೇಸ್‌ಗೆ ಅದನ್ನು ಯೋಚಿಸಲು ಪುರುಸೊತ್ತಿರಲಿಲ್ಲ, ಅದು ಅವನಿಗೆ ಸಂಬಂಧಪಟ್ಟದ್ದೂ ಅಲ್ಲ ಎಂದು ಲೇಖಕರು ಮುಂದೆ ಸಾಗುತ್ತಾರೆ. ಇಡೀ ಪುಸ್ತಕ ಕಾಯುತ್ತಿದ್ದ ಉತ್ತರ ಆ ಕುಳ್ಳನ ಬಳಿ ಇತ್ತು.

ಇಂಗ್ಲೆಂಡಿನಿಂದ ನಾರ್ನಿಯಾಕ್ಕೆ ಹೋದ ನಾಲ್ವರು ಒಡಹುಟ್ಟಿದವರಲ್ಲಿ ಒಬ್ಬಳಾದ ಸೂಸನ್ ವಿಷಯದಲ್ಲಿ ಆದದ್ದು ಇನ್ನೂ ದೊಡ್ಡ ಅನ್ಯಾಯ. ಅಸ್ಲಾನ್ ಸತ್ತು ಮತ್ತೆ ಎದ್ದುಬರುವ ಮೊದಲ ಪುಸ್ತಕದಲ್ಲಿ, ಅವನು ಸಾಯುವ ರಾತ್ರಿ ಜೊತೆ ನಡೆದವರು ತಂಗಿ ಲೂಸಿ ಮತ್ತು ಸೂಸನ್. ಈ ಪುಸ್ತಕದ 12ನೆಯ ಅಧ್ಯಾಯದಲ್ಲಿ ಸೂಸನ್ ಈಗ ನಾರ್ನಿಯಾದ ಗೆಳತಿಯಲ್ಲ ಎಂದು ಅವಳ ಅಣ್ಣ ಪೀಟರ್ ಹೇಳುತ್ತಾನೆ. ಅವಳಿಗೆ ನೈಲಾನ್ ಕಾಲುಚೀಲ, ಲಿಪ್‌ಸ್ಟಿಕ್, ಪಾರ್ಟಿಗಳಷ್ಟೇ ಬೇಕು ಎಂದು ಜಿಲ್ ಸೇರಿಸುತ್ತಾಳೆ. ಒಂದೆರಡು ಪ್ಯಾರಾದಲ್ಲಿ ಅವಳ ಕಥೆ ಮುಗಿಯಿತು. ರೈಲು ಅಪಘಾತದಲ್ಲಿ ಅವಳ ಇಬ್ಬರು ಸಹೋದರರು, ತಂಗಿ, ತಂದೆ-ತಾಯಿ ಎಲ್ಲರೂ ಸತ್ತಿದ್ದಾರೆಂದು ಕೊನೆಯ ಅಧ್ಯಾಯದಲ್ಲಿ ಗೊತ್ತಾಗುತ್ತದೆ. ಇಂಗ್ಲೆಂಡಿನಲ್ಲಿ ಒಂಟಿಯಾಗಿ ಉಳಿದವಳಿಗೆ ಅಲ್ಲಿ ಒಂದು ವಾಕ್ಯವೂ ಇಲ್ಲ. ಸೂಸನ್ ತಿದ್ದಿಕೊಳ್ಳಲು ಇನ್ನೂ ಸಮಯವಿದೆ ಎಂದು ಲೂಯಿಸ್ 1957ರಲ್ಲಿ ಒಬ್ಬ ಹುಡುಗನಿಗೆ ಪತ್ರ ಬರೆದರು. ಆ ಮಾತು ಪುಸ್ತಕದೊಳಗೆ ಇರಬೇಕಿತ್ತು.

ಕ್ಯಾಲೊರ್ಮೆನ್ ಜನರ ಚಿತ್ರಣವೂ ಇಂದು ಚುಚ್ಚುತ್ತದೆ. ಪೇಟ ಸುತ್ತಿದ ಕಪ್ಪು ಮೈಬಣ್ಣದವರು ಎಂದರೆ ಕ್ರೂರಿಗಳು. ಎಮೆತ್ ಎಂಬ ಒಬ್ಬ ಪ್ರಾಮಾಣಿಕ ಯೋಧನಿಂದ ಅದು ಸರಿಹೋಗುವುದಿಲ್ಲ.

ಓದುವುದಾದರೆ ಇದನ್ನೊಂದೇ ಕೈಗೆತ್ತಿಕೊಳ್ಳಬೇಡಿ. ‘ದಿ ಸಿಲ್ವರ್ ಚೇರ್’ ಓದಿರದಿದ್ದರೆ ಜಿಲ್ ಯಾರು, ಕೊನೆಯಲ್ಲಿ ಕಹಳೆ ಊದುವ ದೈತ್ಯ ಯಾರು ಎಂಬುದು ತಿಳಿಯದು. ‘ದಿ ಮೆಜಿಶಿಯನ್ಸ್ ನೆಫ್ಯೂ’ ಓದಿರದಿದ್ದರೆ ಪ್ರಾಣಿಗಳು ಮಾತು ಕಳೆದುಕೊಳ್ಳುವ ಕ್ಷಣದ ಪೆಟ್ಟು ತಟ್ಟದು, ಹಾಗಾಗಬಹುದೆಂಬ ಎಚ್ಚರಿಕೆ ಇರುವುದು ಅದರಲ್ಲಿ. ಮಕ್ಕಳಿಗೆ ಓದಿ ಹೇಳುವವರು 11ನೆಯ ಅಧ್ಯಾಯದ ಕುದುರೆಗಳ ಸಾವನ್ನು ಮಲಗುವ ಹೊತ್ತಿಗೆ ಇಟ್ಟುಕೊಳ್ಳುವುದು ಬೇಡ. 12ರಲ್ಲಿ ಸೂಸನ್ ಪ್ರಸ್ತಾಪ ಬಂದಾಗ ಪುಸ್ತಕ ಮಡಚಿಟ್ಟು ಮಕ್ಕಳ ಪ್ರಶ್ನೆಗಳಿಗೆ ಸಮಯ ಕೊಡಿ.